ಚಿಕ್ಕ ಜೆಟ್‌ನಲ್ಲಿ ಒಂದು ಎಂಜಿನ್ ನಿಂತಾಗ: ಯಾವುದು ಮೊದಲು, ಯಾವುದು ಆಮೇಲೆ

ಎರಡು ಎಂಜಿನ್‌ನ ಚಿಕ್ಕ ಜೆಟ್‌ನಲ್ಲಿ ಒಂದು ಎಂಜಿನ್ ಕೈಕೊಟ್ಟ ಮಾತ್ರಕ್ಕೆ ವಿಮಾನ ಬೀಳುವುದಿಲ್ಲ. ಸೈಟೇಶನ್ ಸಿಜೆ ಸರಣಿಯಾಗಲಿ, ಫೀನಂ 100 ಅಥವಾ 300 ಆಗಲಿ, ಉಳಿದ ಒಂದೇ ಎಂಜಿನ್ನಿನಲ್ಲಿ ನೆಲ ಬಿಟ್ಟು ಮೇಲೇರಬಲ್ಲವು. ಎಡವಟ್ಟಾಗುವುದು ಕೆಲಸಗಳ ಸರದಿ ತಪ್ಪಿದಾಗ. ಮೊದಲ ಹತ್ತು ಹದಿನೈದು ಸೆಕೆಂಡಿನಲ್ಲಿ ಮಾಡಬೇಕಾದ್ದು ಬಹಳ ಕಡಿಮೆ. ಆದರೆ ಆ ಹೊತ್ತಿನಲ್ಲಿ ಕೈ ಅದನ್ನೂ ಇದನ್ನೂ ಮುಟ್ಟಲು ಹೋಗುತ್ತದೆ. ಅದನ್ನು ತಡೆದು ಹಿಡಿಯುವುದೇ ಈ ತರಬೇತಿಯ ಮುಕ್ಕಾಲು ಪಾಲು. ಟೇಕಾಫ್‌ನಿಂದ ಹಿಡಿದು ಇಳಿದು ನಿಲ್ಲುವ ತನಕ ನಾವು ಪೈಲಟ್‌ಗಳು ಯಾವ ಕ್ರಮದಲ್ಲಿ ಕೆಲಸ ಮಾಡುತ್ತೇವೆ, ಆ ಕ್ರಮ ಯಾಕೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಾದರಿಯಿಂದ ಮಾದರಿಗೆ ಅಂಕಿಗಳು ಬದಲಾಗುತ್ತವೆ, ಕೊನೆಯ ಮಾತು ಆಯಾ ವಿಮಾನದ ಕೈಪಿಡಿಯದ್ದೇ.

ಕೆಲಸ ಶುರುವಾಗುವುದು ಬ್ರೇಕ್ ಬಿಡುವುದಕ್ಕೂ ಮುಂಚೆ. ತೂಕ, ತಾಪಮಾನ, ಗಾಳಿ, ರನ್‌ವೇಯ ಉದ್ದ ಮತ್ತು ಸಮುದ್ರಮಟ್ಟದಿಂದ ಅದರ ಎತ್ತರ ಇವನ್ನೆಲ್ಲ ಇಟ್ಟುಕೊಂಡು ಮೂರು ವೇಗ ತೆಗೆಯುತ್ತೇವೆ: ವಿ-1, ವಿ-ಆರ್, ವಿ-2. ಟೇಕಾಫ್ ಕೈಬಿಡುವುದಾದರೆ ಅದರ ಮೊದಲ ಕ್ರಿಯೆ ವಿ-1 ಬರುವಷ್ಟರಲ್ಲಿ ಶುರುವಾಗಿರಬೇಕು. ಆ ವೇಗ ದಾಟಿದ ಮೇಲೆ ಉಳಿದ ರನ್‌ವೇಯಲ್ಲಿ ವಿಮಾನ ನಿಲ್ಲುತ್ತದೆಂಬ ಭರವಸೆ ಇಲ್ಲ. ವಿ-ಆರ್‌ನಲ್ಲಿ ಮೂತಿ ಎತ್ತುತ್ತೇವೆ. ವಿ-2 ಎಂದರೆ ಒಂದೇ ಎಂಜಿನ್ನಿನಲ್ಲಿ ಏರಲು ಬೇಕಾದ ಸುರಕ್ಷಿತ ವೇಗ, ರನ್‌ವೇಯಿಂದ 35 ಅಡಿ ಮೇಲೆ ಬರುವಷ್ಟರಲ್ಲಿ ಅದು ಸಿಕ್ಕಿರಬೇಕು. ಚಿಕ್ಕ ಜೆಟ್‌ಗಳಲ್ಲಿ ಈ ಮೂರೂ ವೇಗಗಳು ಒಂದಕ್ಕೊಂದು ತೀರಾ ಹತ್ತಿರ, ಹೆಚ್ಚಾಗಿ 90ರಿಂದ 120 ನಾಟ್‌ನ ಒಳಗೇ ಇರುತ್ತವೆ. ಹಾಗಾಗಿ ಯೋಚನೆಗೆ ಪುರಸೊತ್ತು ಸಿಗುವುದಿಲ್ಲ. ನಿರ್ಧಾರವನ್ನು ರನ್‌ವೇಗೆ ಬರುವ ಮುಂಚೆಯೇ ಬಾಯಿಬಿಟ್ಟು ಹೇಳಿಕೊಳ್ಳುತ್ತೇವೆ: 70 ನಾಟ್‌ವರೆಗೆ ಯಾವ ಎಚ್ಚರಿಕೆ ದೀಪ ಹತ್ತಿದರೂ ನಿಲ್ಲಿಸುವುದು, 70ರಿಂದ ವಿ-1ರವರೆಗೆ ಬೆಂಕಿ, ಎಂಜಿನ್ ನಿಲ್ಲುವುದು, ದಿಕ್ಕಿನ ಹಿಡಿತ ತಪ್ಪುವುದು, ಇಷ್ಟಕ್ಕೆ ಮಾತ್ರ ನಿಲ್ಲಿಸುವುದು, ವಿ-1 ಆಯಿತೆಂದರೆ ಹಾರುವುದು. ವಿ-1 ಎಂಬ ಕರೆ ಕೇಳಿದೊಡನೆ ಬಲಗೈ ಥ್ರಾಟಲ್ (ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಹಿಡಿ) ಬಿಟ್ಟು ಯೋಕ್‌ಗೆ (ವಿಮಾನ ನಡೆಸುವ ಕೈಹಿಡಿಗೆ) ಬರುತ್ತದೆ. ಗಾಬರಿಯಲ್ಲಿ ಥ್ರಾಟಲ್ ಎಳೆದುಬಿಡಬಾರದು ಎಂಬುದಕ್ಕೇ ಈ ಅಭ್ಯಾಸ. ಸಿಜೆ ಸರಣಿಯಂಥ ವಿಮಾನಗಳಲ್ಲಿ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಥ್ರಸ್ಟ್ ರಿವರ್ಸರ್ ಇಲ್ಲ, ನಿಲ್ಲಿಸುವ ಭಾರವೆಲ್ಲ ಚಕ್ರದ ಬ್ರೇಕಿನ ಮೇಲೆ. ತಡವಾಗಿ ಬ್ರೇಕ್ ಒತ್ತಿದರೆ ಅದನ್ನು ಸರಿದೂಗಿಸಲು ಬೇರೇನೂ ಇಲ್ಲ.

ಈಗ ವಿ-1 ದಾಟಿದ ಮರುಕ್ಷಣ ಬಲ ಎಂಜಿನ್ ನಿಂತಿತು ಎನ್ನೋಣ. ಮೂತಿ ಬಲಕ್ಕೆ ಎಳೆಯುತ್ತದೆ. ಎಂಜಿನ್‌ಗಳು ಬಾಲದ ಹತ್ತಿರ, ಒಡಲಿಗೆ ಅಂಟಿಕೊಂಡಂತೆ ಇರುವುದರಿಂದ, ರೆಕ್ಕೆಯ ಕೆಳಗೆ ಎಂಜಿನ್ ಇರುವ ವಿಮಾನದಷ್ಟು ಜೋರಾಗಿ ತಿರುಗುವುದಿಲ್ಲ, ಆದರೂ ಎಡಗಾಲು ರಡ್ಡರ್ (ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಪೆಡಲ್ ಒತ್ತಲೇಬೇಕು. ರನ್‌ವೇಯ ನಡುಗೆರೆ ನೋಡುತ್ತಲೇ, ಅದು ಸರಿಯದೆ ನಿಲ್ಲುವಷ್ಟು ಮಾತ್ರ. ವಿ-ಆರ್ ಬಂದಾಗ ಎಂದಿಗಿಂತ ಸ್ವಲ್ಪ ನಿಧಾನವಾಗಿ ಮೂತಿ ಎತ್ತಿ, ಸುಮಾರು 10 ಡಿಗ್ರಿಗೆ ಅಥವಾ ಫ್ಲೈಟ್ ಡೈರೆಕ್ಟರ್ (ಮೂತಿ ಎಲ್ಲಿರಬೇಕೆಂದು ಪರದೆಯ ಮೇಲೆ ಗುರುತಿಸುವ ಸಾಧನ) ತೋರಿಸುವಲ್ಲಿಗೆ ತಂದು ನಿಲ್ಲಿಸುತ್ತೇವೆ. ಎತ್ತರದ ಮುಳ್ಳು ಏರುವುದು ಖಾತ್ರಿಯಾದ ಕೂಡಲೇ ಗೇರ್ ಮೇಲೆ. ಕೆಳಗಿಳಿದ ಚಕ್ರಗಳ ಎಳೆತ ಈ ಹೊತ್ತಿನಲ್ಲಿ ಬಹಳ ದುಬಾರಿ. ದಿಕ್ಕು ಹಿಡಿ, ವಿ-2 ಹಿಡಿ, ಗೇರ್ ಎತ್ತು. ನೆಲದಿಂದ 400 ಅಡಿ ಏರುವ ತನಕ ಇವು ಮೂರೇ. ಯಾವ ಸ್ವಿಚ್ಚೂ ಇಲ್ಲ, ಚೆಕ್‌ಲಿಸ್ಟೂ ಇಲ್ಲ. ರೇಡಿಯೊದಲ್ಲಿ ಟವರ್ ಏನಾದರೂ ಕೇಳಿದರೆ ಉತ್ತರ ಕಾಯಲಿ.

ನೆಲ ಬಿಟ್ಟ ಮೇಲೆ ನಡುಗೆರೆ ಕಾಣುವುದಿಲ್ಲ. ಆಗ ಕಣ್ಣು ಎದುರಿನ ಮುಖ್ಯ ಪರದೆಯಾದ ಪಿಎಫ್‌ಡಿಯ ಮೇಲ್ಭಾಗದ ಪುಟ್ಟ ತ್ರಿಕೋನಕ್ಕೆ ಹೋಗಬೇಕು. ಅದರ ಕೆಳಗೊಂದು ಪಟ್ಟಿ ಇರುತ್ತದೆ. ಪಟ್ಟಿ ಯಾವ ಕಡೆ ಜಾರಿದೆಯೋ ಆ ಕಡೆಯ ಪೆಡಲ್ ಒತ್ತಬೇಕು. ಬಲ ಎಂಜಿನ್ ನಿಂತಾಗ ಅದು ಎಡಕ್ಕೆ ಜಾರಿರುತ್ತದೆ. ಎಡಗಾಲನ್ನು ಮೆಲ್ಲಗೆ ಒತ್ತುತ್ತ ಹೋದಂತೆ ಪಟ್ಟಿ ತ್ರಿಕೋನದ ಕೆಳಗೆ ಬಂದು ಕೂರುತ್ತದೆ, ಯೋಕ್ ಮೇಲಿನ ಎಳೆತವೂ ತಾನಾಗಿ ಸಡಿಲವಾಗುತ್ತದೆ. ಬದುಕಿರುವ ಎಂಜಿನ್ನಿನ ಕಡೆಗೆ ಎರಡು ಮೂರು ಡಿಗ್ರಿ ವಾಲಿಸಿಕೊಂಡರೆ ಇನ್ನೂ ಹಗುರ. ಇಲ್ಲಿ ಹೆಚ್ಚಿನವರು ಎಡವುವುದು ಹೀಗೆ: ರೆಕ್ಕೆ ಬಲಕ್ಕೆ ಇಳಿಯುವುದು ಮೊದಲು ಕಣ್ಣಿಗೆ ಬೀಳುತ್ತದೆ, ಕೈ ಯೋಕನ್ನು ಎಡಕ್ಕೆ ತಿರುಗಿಸಿಬಿಡುತ್ತದೆ. ರೆಕ್ಕೆ ಸಮವಾಗುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ಆದರೆ ವಿಮಾನ ಅಡ್ಡಡ್ಡ ಜಾರುತ್ತಲೇ ಹೋಗುತ್ತಿರುತ್ತದೆ, ಆ ಎಳೆತವೇ ಏರುವ ಶಕ್ತಿಯನ್ನು ತಿಂದುಹಾಕುತ್ತದೆ. ಕಾಲು ಮೊದಲು, ಕೈ ಆಮೇಲೆ.

ಏರುವ ಶಕ್ತಿ ಎಷ್ಟು ತೆಳು ಎಂಬುದನ್ನು ಲೆಕ್ಕದಲ್ಲಿ ನೋಡಿದರೆ ಈ ಎಚ್ಚರ ಯಾಕೆ ಎಂದು ಗೊತ್ತಾಗುತ್ತದೆ. ಸಾರಿಗೆ ವರ್ಗದ ಎರಡು ಎಂಜಿನ್ ಜೆಟ್ ಒಂದು ಎಂಜಿನ್ ನಿಂತು, ಗೇರ್ ಎತ್ತಿದ ಸ್ಥಿತಿಯಲ್ಲಿ ಕನಿಷ್ಠ 2.4 ಪ್ರತಿಶತ ಇಳಿಜಾರಿನಲ್ಲಿ ಏರಬೇಕೆಂಬುದು ನಿಯಮ. ಒಂದು ನಾಟಿಕಲ್ ಮೈಲಿಗೆ ಸುಮಾರು 146 ಅಡಿ ಆಯಿತು. 120 ನಾಟ್ ವೇಗದಲ್ಲಿ ನಿಮಿಷಕ್ಕೆ ಎರಡು ಮೈಲಿ, ಅಂದರೆ ನಿಮಿಷಕ್ಕೆ 290 ಅಡಿಯ ಆಸುಪಾಸು. ಎರಡೂ ಎಂಜಿನ್ ಇದ್ದಾಗ ನಿಮಿಷಕ್ಕೆ 3,000 ಅಡಿ ಏರುವುದಕ್ಕೆ ಒಗ್ಗಿದ ಕಣ್ಣಿಗೆ ಇದು ಏರಿದಂತೆಯೇ ಕಾಣುವುದಿಲ್ಲ. ಆಗ ಮೂತಿಯನ್ನು ಇನ್ನೊಂದಿಷ್ಟು ಎತ್ತುವ ಆಸೆ ಬರುತ್ತದೆ. ಎತ್ತಿದರೆ ವೇಗ ವಿ-2ಕ್ಕಿಂತ ಕೆಳಗಿಳಿಯುತ್ತದೆ, ಎಳೆತ ಹೆಚ್ಚುತ್ತದೆ, ಇದ್ದ ಏರಿಕೆಯೂ ಹೋಗುತ್ತದೆ. ತಂಪಾದ ದಿನ, ಹಗುರ ತೂಕದಲ್ಲಿ ಚಿಕ್ಕ ಜೆಟ್‌ಗಳು ಇದಕ್ಕಿಂತ ಚೆನ್ನಾಗಿ ಏರುತ್ತವೆ. ಸೆಕೆ, ಎತ್ತರದ ರನ್‌ವೇ, ತುಂಬಿದ ಟ್ಯಾಂಕು ಮೂರೂ ಸೇರಿದ ದಿನ ಕನಿಷ್ಠವನ್ನೇ ನಂಬಿ ಲೆಕ್ಕ ಹಾಕಬೇಕು. ಫೀನಂ ವಿಮಾನಗಳಲ್ಲಿ ಒಂದು ಎಂಜಿನ್ ನಿಂತೊಡನೆ ಇನ್ನೊಂದಕ್ಕೆ ತಾನಾಗಿ ಹೆಚ್ಚುವರಿ ಒತ್ತು (ವಿಮಾನವನ್ನು ಮುಂದೆ ತಳ್ಳುವ ಬಲ) ಕೊಡುವ ವ್ಯವಸ್ಥೆ ಇದೆ. ಅದಿಲ್ಲದ ಮಾದರಿಯಲ್ಲಿ ಥ್ರಾಟಲ್ ಟೇಕಾಫ್ ಗುರುತಿನಲ್ಲೇ ಇದೆಯೇ ಎಂದು ಒಮ್ಮೆ ಕಣ್ಣಾಡಿಸಿದರೆ ಸಾಕು.

400 ಅಡಿ ದಾಟಿದ ಮೇಲೆ ರಡ್ಡರ್ ಟ್ರಿಮ್ ತಿರುಗಿಸಿ ಕಾಲಿನ ಭಾರ ಇಳಿಸಿಕೊಳ್ಳುತ್ತೇವೆ, ಕೈಪಿಡಿ ಒಪ್ಪುವ ಎತ್ತರದಲ್ಲಿ ಆಟೊಪೈಲಟ್ ಹಾಕುತ್ತೇವೆ. ಒಬ್ಬರೇ ಹಾರಿಸುತ್ತಿದ್ದರೆ ಆಟೊಪೈಲಟ್ಟೇ ಎರಡನೇ ಪೈಲಟ್. ಅದನ್ನು ಬಳಸಲು ಸಂಕೋಚ ಪಡುವುದರಲ್ಲಿ ಅರ್ಥವಿಲ್ಲ. ಮೊದಲೇ ಗೊತ್ತುಮಾಡಿಕೊಂಡ ಎತ್ತರದಲ್ಲಿ, ಅದು ಹಲವು ಕಡೆ 1,500 ಅಡಿ, ಮೂತಿ ತಗ್ಗಿಸಿ ವೇಗ ಕೂಡಿಸಿಕೊಂಡು ಫ್ಲಾಪ್ (ಕಡಿಮೆ ವೇಗದಲ್ಲಿ ಹಾರಲು ನೆರವಾಗುವ ರೆಕ್ಕೆಯ ಹಿಂಬದಿ ಪಟ್ಟಿ) ಎತ್ತುತ್ತೇವೆ. ಟೇಕಾಫ್ ಒತ್ತಿಗೆ ಸಮಯದ ಮಿತಿ ಇದೆ: ಸಾಮಾನ್ಯವಾಗಿ 5 ನಿಮಿಷ, ಇನ್ನೊಂದು ನಿಂತಿರುವಾಗ ಕೆಲವು ಎಂಜಿನ್‌ಗಳಿಗೆ 10 ನಿಮಿಷ. ಅದರೊಳಗೆ ಥ್ರಾಟಲನ್ನು ನಿರಂತರ ಗರಿಷ್ಠ ಮಿತಿಗೆ ಇಳಿಸಬೇಕು. ಉಳಿದಿರುವ ಒಂದೇ ಎಂಜಿನ್ನನ್ನು ಕಾಯಿಸಿ ಕೆಡಿಸಿಕೊಳ್ಳಬಾರದು.

ಇಷ್ಟಾದ ಮೇಲೆ ಯಾವ ಎಂಜಿನ್, ಏನಾಯಿತು ಎಂಬ ಪ್ರಶ್ನೆ. ಕಾಲು ಕೊಡುವ ಉತ್ತರ ಸುಳಿವು ಮಾತ್ರ, ಸಾಕ್ಷಿ ಇರುವುದು ಮೀಟರ್‌ಗಳಲ್ಲಿ. ಎನ್-1, ಎನ್-2 (ಎಂಜಿನ್ನಿನ ಮುಂದಿನ ಫ್ಯಾನ್ ಮತ್ತು ಒಳಭಾಗ ಸುತ್ತುವ ವೇಗ), ಐಟಿಟಿ (ಟರ್ಬೈನ್ ಒಳಗಿನ ತಾಪಮಾನ), ಇಂಧನದ ಹರಿವು, ಆಯಿಲ್ ಒತ್ತಡ ಐದನ್ನೂ ಒಂದೇ ಸಾಲಿನಲ್ಲಿ ಓದುತ್ತೇವೆ. ಐದೂ ಕೆಳಗಿಳಿದು, ಎನ್-1 ಮತ್ತು ಎನ್-2 ಗಾಳಿಯ ರಭಸಕ್ಕೆ ಅಷ್ಟಿಷ್ಟು ಸುತ್ತುತ್ತಿದ್ದರೆ ಒಳಗಿನ ಉರಿ ಆರಿದೆ, ಎಂಜಿನ್ ಬಹುಶಃ ಮುರಿದಿಲ್ಲ. ಎರಡರಲ್ಲಿ ಒಂದು ಸೊನ್ನೆಗೆ ನಿಂತಿದ್ದರೆ, ಅದಕ್ಕೆ ಮುನ್ನ ಗಡಗಡ ನಡುಕ ಬಂದಿದ್ದರೆ, ಒಳಗೆ ಏನೋ ಮುರಿದು ಬಿಗಿದುಕೊಂಡಿದೆ. ಢಬ್ ಢಬ್ ಎಂಬ ಸದ್ದು, ಏರುತ್ತಿರುವ ಐಟಿಟಿ, ಕುಣಿಯುವ ಎನ್-1 ಇದ್ದರೆ ಕಂಪ್ರೆಸರ್ ಸ್ಟಾಲ್, ಅಂದರೆ ಎಂಜಿನ್ನಿನೊಳಗೆ ಗಾಳಿಯ ಹರಿವು ಕೆಟ್ಟಿದೆ. ಥ್ರಾಟಲ್ ಹಿಂದೆ ತಂದರೆ ಎಷ್ಟೋ ಸಲ ತಣ್ಣಗಾಗುತ್ತದೆ.

ತಪ್ಪು ಎಂಜಿನ್ ಆರಿಸುವುದು ಹೇಗೆ ಸಾಧ್ಯ ಎಂದು ಕೇಳುವವರು 1989ರ ಜನವರಿ 8ರ ಇಂಗ್ಲೆಂಡಿನ ಕೆಗ್‌ವರ್ತ್ ಅಪಘಾತವನ್ನು ನೋಡಬೇಕು. ಅದು ದೊಡ್ಡ ವಿಮಾನ, ಬೋಯಿಂಗ್ 737-400, ಆದರೆ ಪಾಠ ಎಲ್ಲರದ್ದೂ. ಎಡ ಎಂಜಿನ್‌ನ ಫ್ಯಾನ್ ಬ್ಲೇಡ್ ಮುರಿದು ನಡುಕ, ಹೊಗೆ ಬಂತು. ಪೈಲಟ್‌ಗಳು ಬಲ ಎಂಜಿನ್ನಿನ ಥ್ರಾಟಲ್ ಹಿಂದೆ ತಂದರು. ಥ್ರಾಟಲನ್ನು ತಾನಾಗಿ ಸರಿಹೊಂದಿಸುವ ಆಟೊಥ್ರಾಟಲ್ ಕಳಚಿದ್ದರಿಂದ ಎಡ ಎಂಜಿನ್ನಿಗೂ ಇಂಧನ ತಗ್ಗಿ ಅದರ ಒದ್ದಾಟ ಕಡಿಮೆಯಾಯಿತು, ಹೊಗೆ ಇಳಿಯಿತು. ಸರಿಯಾದದ್ದನ್ನೇ ಆರಿಸಿದ್ದೇವೆ ಎಂಬ ನಂಬಿಕೆ ಅಲ್ಲಿಂದ ಹುಟ್ಟಿತು. ಇಳಿಯುವಾಗ ಮತ್ತೆ ಒತ್ತು ಬೇಕಾದಾಗ ಎಡ ಎಂಜಿನ್ ಪೂರ್ತಿ ಕೈಬಿಟ್ಟಿತು. 126 ಜನರಲ್ಲಿ 47 ಮಂದಿ ತೀರಿಕೊಂಡರು. ಲಕ್ಷಣ ಕಡಿಮೆಯಾದದ್ದನ್ನು ಪುರಾವೆ ಎಂದುಕೊಳ್ಳಬಾರದು ಎಂದು ನಾವು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಇಬ್ಬರಿದ್ದರೆ ಒಬ್ಬರು ಥ್ರಾಟಲ್ ಮುಟ್ಟಿ "ಬಲ" ಎನ್ನಬೇಕು, ಇನ್ನೊಬ್ಬರು ಮೀಟರ್ ನೋಡಿ "ಬಲ, ಹೌದು" ಎಂದ ಮೇಲೆಯೇ ಎಳೆಯಬೇಕು. ಒಬ್ಬರೇ ಇದ್ದರೆ ಬೆರಳಿಟ್ಟು, ಬಾಯಲ್ಲಿ ಹೇಳಿ, ನಿಧಾನವಾಗಿ ಐಡಲ್‌ಗೆ (ಎಂಜಿನ್ ಬರೀ ಉರಿಯುತ್ತಿರುವ ಕನಿಷ್ಠ ಸ್ಥಾನಕ್ಕೆ) ತರಬೇಕು. ಮೂತಿ ಅಲುಗಾಡದಿದ್ದರೆ, ಒತ್ತು ಬದಲಾಗದಿದ್ದರೆ, ಅದು ನಿಂತ ಎಂಜಿನ್ನೇ. ಆಮೇಲೆ ಕಟ್-ಆಫ್, ಅಂದರೆ ಇಂಧನ ಬಂದ್. ಇದಕ್ಕೆ ಹಿಡಿಯುವ ಹತ್ತು ಸೆಕೆಂಡನ್ನು ಯಾರೂ ಉಳಿಸಲು ಹೋಗಬಾರದು.

ಬೆಂಕಿಯ ದೀಪ ಹತ್ತಿದರೂ ಇದೇ ಕ್ರಮ. ಬೆಂಕಿ ಹತ್ತಿದ ಎಂಜಿನ್ ಒತ್ತು ಕೊಡುತ್ತಿದ್ದರೆ ಸುರಕ್ಷಿತ ಎತ್ತರದವರೆಗೆ ಅದನ್ನು ಬಳಸಿಕೊಳ್ಳುವುದೇ ಸರಿ. ಬಳಿಕ ಥ್ರಾಟಲ್ ಐಡಲ್‌ಗೆ. ಅಷ್ಟಕ್ಕೇ ದೀಪ ಆರಿದರೆ ಬಿಸಿ ಗಾಳಿಯ ಕೊಳವೆ ಸೋರಿರುವ ಸಾಧ್ಯತೆ ಇದೆ, ಆದರೂ ಬೇಗ ಇಳಿಯಲೇಬೇಕು. ಆರದಿದ್ದರೆ ಸೈಟೇಶನ್‌ಗಳಲ್ಲಿ ಮುಚ್ಚಳ ಎತ್ತಿ ಫೈರ್ ಬಟನ್ ಒತ್ತುತ್ತೇವೆ. ಆ ಒಂದು ಒತ್ತಿಗೆ ಇಂಧನದ ಮತ್ತು ಹೈಡ್ರಾಲಿಕ್ಸ್‌ನ ವಾಲ್ವ್ ಮುಚ್ಚುತ್ತವೆ, ಜನರೇಟರ್ ಕಳಚುತ್ತದೆ, ಬೆಂಕಿ ಆರಿಸುವ ಬಾಟಲಿ ಸಿದ್ಧವಾಗುತ್ತದೆ. ಬಾಟಲಿಯ ದೀಪ ಒತ್ತಿದರೆ ಅನಿಲ ಬಿಡುಗಡೆ. 30 ಸೆಕೆಂಡಾದರೂ ಬೆಂಕಿಯ ದೀಪ ಉಳಿದಿದ್ದರೆ ಎರಡನೇ ಬಾಟಲಿ. ಇದನ್ನೆಲ್ಲ ಬಾಯಿಪಾಠ ಮಾಡಿರುತ್ತೇವೆ. ಉಳಿದ ಸ್ವಿಚ್‌ಗಳನ್ನು ಚೆಕ್‌ಲಿಸ್ಟ್ ನೋಡಿಯೇ ಮುಟ್ಟುವುದು.

ಮೇಲೆ 41,000 ಅಡಿಯಲ್ಲಿ ಎಂಜಿನ್ ನಿಂತರೆ ಸಮಸ್ಯೆಯ ರೂಪವೇ ಬೇರೆ. ಹೊತ್ತು ಹೆಚ್ಚು ಸಿಗುತ್ತದೆ, ಆದರೆ ಅಪಾಯ ಸದ್ದಿಲ್ಲದೆ ಬರುತ್ತದೆ. ಆಟೊಪೈಲಟ್ ಎತ್ತರ ಹಿಡಿಯುವ ಸ್ಥಿತಿಯಲ್ಲಿದ್ದರೆ ಅದು ಹೇಳಿದ ಕೆಲಸ ಮಾಡುತ್ತಲೇ ಇರುತ್ತದೆ: ಒತ್ತು ಅರ್ಧವಾದರೂ ಎತ್ತರ ಬಿಡದೆ ಮೂತಿಯನ್ನು ಎತ್ತುತ್ತ ಹೋಗುತ್ತದೆ, ವೇಗ ಕರಗುತ್ತದೆ, ಕೊನೆಗೆ ಸ್ಟಾಲ್, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದ ಸ್ಥಿತಿ. ಹಾಗಾಗಿ ಆಟೊಪೈಲಟ್ಟನ್ನು ಎತ್ತರದಿಂದ ವೇಗ ಹಿಡಿಯುವ ಸ್ಥಿತಿಗೆ ಬದಲಿಸುವುದು ಮೊದಲ ಕೆಲಸ. ಅದರ ಜೊತೆಗೇ ರಡ್ಡರ್ ಟ್ರಿಮ್. ಬಹುಪಾಲು ಚಿಕ್ಕ ಜೆಟ್‌ಗಳಲ್ಲಿ ಆಟೊಪೈಲಟ್ ಈ ಟ್ರಿಮ್ ಸರಿಪಡಿಸುವುದಿಲ್ಲ, ಓರೆಯಾಗಿ ಹಾರುತ್ತಿರುವಾಗ ಆಟೊಪೈಲಟ್ ಕಳಚಿದರೆ ವಿಮಾನ ತಟ್ಟನೆ ಒಂದು ಕಡೆ ಉರುಳುತ್ತದೆ. ಬದುಕಿರುವ ಎಂಜಿನ್ನಿಗೆ ನಿರಂತರ ಗರಿಷ್ಠ ಒತ್ತು ಕೊಟ್ಟು ಕೈಪಿಡಿಯ ವೇಗದಲ್ಲಿ ಮೆಲ್ಲಗೆ ಇಳಿಯುತ್ತೇವೆ. ತೂಕ, ತಾಪಮಾನ ನೋಡಿಕೊಂಡು 20,000ದಿಂದ 27,000 ಅಡಿಯ ನಡುವೆ ಎಲ್ಲೋ ಒಂದು ಕಡೆ ಇಳಿತ ನಿಲ್ಲುತ್ತದೆ. ರೆಕ್ಕೆ, ಎಂಜಿನ್ ಬಾಯಿಯ ಹಿಮ ಕರಗಿಸಲು ಬಿಸಿ ಗಾಳಿ ತೆಗೆದರೆ ಅದಕ್ಕಿಂತ ಕೆಳಗೆ. ಬೆಟ್ಟಸಾಲಿನ ಮೇಲಿನ ಹಾದಿಯಾದರೆ ಈ ಅಂಕಿಯನ್ನು ಹೊರಡುವ ಮುನ್ನವೇ ತೆಗೆದಿಟ್ಟುಕೊಂಡಿರಬೇಕು. ಕೆಳಗೆ ಬೇರೆ ವಿಮಾನಗಳಿರುವುದರಿಂದ ಇಳಿಯಲು ತೊಡಗಿದೊಡನೆ ಕಂಟ್ರೋಲ್‌ಗೆ ಪ್ಯಾನ್-ಪ್ಯಾನ್ ಅಥವಾ ಮೇಡೇ ಎಂಬ ತುರ್ತು ಕರೆ, ರೇಡಾರ್‌ಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ಗೆ ತುರ್ತಿನ ಸಂಖ್ಯೆ 7700.

ಮತ್ತೆ ಹೊತ್ತಿಸಬೇಕೇ? ಬೆಂಕಿ ಇದ್ದರೆ, ನಡುಕ ಇದ್ದರೆ, ಸುತ್ತು ಸೊನ್ನೆಯಿದ್ದರೆ ಬೇಡವೇ ಬೇಡ. ಬರೀ ಉರಿ ಆರಿದ್ದರೆ ಮೊದಲು ಕಾರಣ ಹುಡುಕುತ್ತೇವೆ: ಆ ಕಡೆಯ ಟ್ಯಾಂಕಿನಲ್ಲಿ ಇಂಧನ ಇದೆಯೇ, ಬೂಸ್ಟ್ ಪಂಪ್ ನಡೆಯುತ್ತಿದೆಯೇ, ಫೈರ್ ಬಟನ್ ಕೈತಾಗಿ ವಾಲ್ವ್ ಮುಚ್ಚಿದೆಯೇ, ಫಿಲ್ಟರ್ ಕಟ್ಟಿದ ದೀಪ ಹತ್ತಿದೆಯೇ. ಕೈಪಿಡಿಯಲ್ಲಿ ಎತ್ತರ ಮತ್ತು ವೇಗದ ಒಂದು ನಕ್ಷೆ ಇರುತ್ತದೆ. ಅದರ ಒಂದು ಭಾಗದಲ್ಲಿ ಗಾಳಿಯ ರಭಸವೇ ಎಂಜಿನ್ನನ್ನು ಸಾಕಷ್ಟು ಸುತ್ತಿಸುತ್ತದೆ, ಇನ್ನೊಂದರಲ್ಲಿ ಸ್ಟಾರ್ಟರ್ ನೆರವು ಬೇಕು. ನಕ್ಷೆಯ ಹೊರಗೆ ಪ್ರಯತ್ನಿಸುವುದು ಬ್ಯಾಟರಿಗೂ ಎಂಜಿನ್ನಿಗೂ ನಷ್ಟ. ಇಗ್ನಿಷನ್ ಹಾಕಿ, ಎನ್-2 ಕೈಪಿಡಿಯ ಕನಿಷ್ಠ ಮುಟ್ಟಿದ ಮೇಲೆ ಥ್ರಾಟಲ್ ಐಡಲ್‌ಗೆ ತಂದು, ಕಣ್ಣನ್ನು ಐಟಿಟಿಯಿಂದ ತೆಗೆಯದೆ ಕಾಯಬೇಕು. ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಅದು ಏಳದಿದ್ದರೆ ಮತ್ತೆ ಕಟ್-ಆಫ್ ಮಾಡಿ, ಒಳಗೆ ಸೇರಿದ ಇಂಧನ ಹೊರಹೋಗಲು ಬಿಟ್ಟು, ಆಮೇಲೆ ಎರಡನೇ ಪ್ರಯತ್ನ.

ವೇಗ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ 2004ರ ಅಕ್ಟೋಬರ್ 14ರಂದು ಅಮೆರಿಕದಲ್ಲಿ ಬಿದ್ದ ಪಿನಾಕಲ್ ಏರ್‌ಲೈನ್ಸ್‌ನ 3701ನೇ ವಿಮಾನ ಸಾಕ್ಷಿ. ಪ್ರಯಾಣಿಕರಿಲ್ಲದ ಸಿಆರ್‌ಜೆ-200 ವಿಮಾನ 41,000 ಅಡಿಗೆ ಏರಿ ಸ್ಟಾಲ್ ಆಯಿತು, ಎರಡೂ ಎಂಜಿನ್ ಆರಿದವು. ಗಾಳಿಯ ರಭಸದಿಂದ ಹೊತ್ತಿಸಲು 300 ನಾಟ್ ಬೇಕಿತ್ತು, ಅಷ್ಟು ವೇಗ ಕೂಡಿಸಲಿಲ್ಲ. ಎಂಜಿನ್ನಿನ ಒಳ ಭಾಗ ಸುತ್ತುವುದು ನಿಂತು ಬಿಗಿದುಕೊಂಡಿತು, ಆಮೇಲೆ ಏನು ಮಾಡಿದರೂ ತಿರುಗಲಿಲ್ಲ. ಜೆಫರ್ಸನ್ ಸಿಟಿಯ ಬಳಿ ಬಿದ್ದು ಇಬ್ಬರು ಪೈಲಟ್‌ಗಳೂ ಸತ್ತರು. ಎತ್ತರವನ್ನು ಕೊಟ್ಟು ವೇಗ ಕೊಳ್ಳಲು ಮನಸ್ಸು ಹಿಂಜರಿಯುವುದು ಸಹಜ. ಆದರೆ ಹೊತ್ತಿಸಲು ಹೊರಟ ಮೇಲೆ ಮೂತಿ ತಗ್ಗಿಸದೆ ಗತಿಯಿಲ್ಲ.

ಎರಡೂ ಎಂಜಿನ್ ಒಟ್ಟಿಗೆ ಆರುವುದು ಅಪರೂಪ, ಆದಾಗ ಕಾರಣ ಎರಡಕ್ಕೂ ಒಂದೇ ಆಗಿರುತ್ತದೆ. 2004ರಿಂದ 2006ರ ನಡುವೆ ಬೀಚ್‌ಜೆಟ್ 400 ವಿಮಾನಗಳಲ್ಲಿ ಹೀಗಾದಾಗ ತನಿಖೆ ಬೊಟ್ಟು ಮಾಡಿದ್ದು ಎತ್ತರದ ಹಿಮದ ಹರಳುಗಳ ಕಡೆಗೆ. ಗುಡುಗು ಮೋಡಗಳ ಆಸುಪಾಸಿನಲ್ಲಿ ಅವು ಕಂಪ್ರೆಸರ್ ಒಳಗೆ ಕಟ್ಟಿಕೊಂಡು, ಥ್ರಾಟಲ್ ಹಿಂದೆ ತಂದಾಗ ಕಳಚಿ ಉರಿಯನ್ನು ಆರಿಸುತ್ತವೆ. ಅಂಥ ಕಡೆ ಥ್ರಾಟಲ್ ತಗ್ಗಿಸುವ ಮೊದಲು ಇಗ್ನಿಷನ್ ಮತ್ತು ಆಂಟಿ-ಐಸ್ (ಹಿಮ ಕಟ್ಟದಂತೆ ತಡೆಯುವ ವ್ಯವಸ್ಥೆ) ಹಾಕುವುದು ಆಮೇಲೆ ರೂಢಿಯಾಯಿತು. ಇನ್ನೊಂದು ಕಾರಣ ಇಂಧನ. ಇಂಧನದಲ್ಲಿನ ನೀರು ಹೆಪ್ಪುಗಟ್ಟದಂತೆ ಕೆಲವು ಮಾದರಿಗಳಿಗೆ ಒಂದು ದ್ರವ ಬೆರೆಸಬೇಕು, ಪ್ರಮಾಣ 0.10ರಿಂದ 0.15 ಪ್ರತಿಶತ, ಅಂದರೆ 1,000 ಲೀಟರಿಗೆ ಒಂದರಿಂದ ಒಂದೂವರೆ ಲೀಟರ್. ಅಮೆರಿಕದಲ್ಲಿ 2017ರಲ್ಲಿ ಒಮಾಹಾ, 2018ರಲ್ಲಿ ಮಯಾಮಿ ಬಳಿಯ ಓಪಾ-ಲೋಕಾ, 2019ರಲ್ಲಿ ಪುಂಟಾ ಗೋರ್ಡಾ ಈ ಮೂರೂ ಕಡೆ ಅದರ ಬದಲು ಡೀಸೆಲ್ ಲಾರಿಗಳ ಹೊಗೆ ಶುದ್ಧಿಗೆ ಬಳಸುವ ಯೂರಿಯಾ ದ್ರವ ಸೇರಿಹೋಯಿತು. ಅದು ಜೆಟ್ ಇಂಧನದಲ್ಲಿ ಹರಳುಗಟ್ಟಿ ಫಿಲ್ಟರ್ ಮುಚ್ಚುತ್ತದೆ. ಪುಂಟಾ ಗೋರ್ಡಾದಿಂದ ಹೊರಟ ಸೈಟೇಶನ್ 550 ಒಂದು ಎರಡೂ ಎಂಜಿನ್ ಕಳೆದುಕೊಂಡು ಸವನ್ನಾದಲ್ಲಿ ಇಳಿಯಿತು. ಎರಡೂ ನಿಂತಾಗ ಕ್ಯಾಬಿನ್‌ಗೆ ಗಾಳಿ ಬರುವುದಿಲ್ಲ, ಮೊದಲು ಆಮ್ಲಜನಕದ ಮಾಸ್ಕ್. 35,000 ಅಡಿಯಲ್ಲಿ ಮಾಸ್ಕ್ ಇಲ್ಲದೆ ಸ್ಥಿಮಿತದಲ್ಲಿರಲು ಸಿಗುವುದು 30ರಿಂದ 60 ಸೆಕೆಂಡು ಮಾತ್ರ. ಒಂದೇ ಎಂಜಿನ್ನಿನ ಸಿರಸ್ ವಿಷನ್ ಜೆಟ್‌ನಲ್ಲಿ ಪೈಲಟ್ ಎದುರಿಸುವುದು ನೇರವಾಗಿ ಈ ಸ್ಥಿತಿಯನ್ನೇ. ಗ್ಲೈಡ್ ಮಾಡಿ ರನ್‌ವೇ ಸಿಗದಿದ್ದರೆ ಇಡೀ ವಿಮಾನವನ್ನು ಹೊತ್ತಿಳಿಸುವ ಪ್ಯಾರಾಚೂಟ್ ಅದರಲ್ಲಿದೆ.

ಒಂದೇ ಎಂಜಿನ್ ನಿಂತ ನಮ್ಮ ವಿಮಾನಕ್ಕೆ ಮರಳಿದರೆ, ಒಂದೇ ಜನರೇಟರ್ ಎಲ್ಲ ಹೊರೆ ಹೊರುತ್ತಿದೆ. ಆಂಪ್ ಮೀಟರ್ ನೋಡಿ ಬೇಡದ ಉಪಕರಣಗಳನ್ನು ಆಫ್ ಮಾಡುತ್ತೇವೆ. ಬದುಕಿದ ಎಂಜಿನ್ ತನ್ನ ಕಡೆಯ ಟ್ಯಾಂಕನ್ನೇ ಬರಿದು ಮಾಡುವುದರಿಂದ ಕ್ರಾಸ್‌ಫೀಡ್ (ಆಚೆ ಕಡೆಯ ಟ್ಯಾಂಕಿನ ಇಂಧನವನ್ನು ಈಚೆ ತರುವ ದಾರಿ) ತೆರೆದು ಎರಡೂ ರೆಕ್ಕೆಯ ತೂಕ ಸಮ ಇಡುತ್ತೇವೆ. ಹತ್ತಿರದ ಗಿಡ್ಡ ರನ್‌ವೇಗಿಂತ ಸ್ವಲ್ಪ ದೂರದ, ಉದ್ದವಾದ, ಅಗ್ನಿಶಾಮಕ ದಳ ಇರುವ ರನ್‌ವೇ ಮೇಲು. ಬೆಂಕಿ ಇದ್ದರೆ ಈ ಆಯ್ಕೆ ಇಲ್ಲ.

ಇಳಿಯುವಾಗ ಸಿಜೆ ಸರಣಿಯಲ್ಲಿ ಫ್ಲಾಪ್ 15 ಡಿಗ್ರಿ, ವೇಗ ವಿ-ರೆಫ್‌ಗಿಂತ (ಇಳಿಯಲು ಕೈಪಿಡಿ ಕೊಡುವ ಮೂಲ ವೇಗಕ್ಕಿಂತ) ಕನಿಷ್ಠ 10 ನಾಟ್ ಹೆಚ್ಚು. ರನ್‌ವೇ ಖಂಡಿತ ಸಿಕ್ಕಿತು ಎಂದಾದ ಮೇಲೆಯೇ ಪೂರ್ತಿ ಫ್ಲಾಪ್. ಪೂರ್ತಿ ಫ್ಲಾಪ್ ಇಳಿಸಿದ ಮೇಲೆ ಮತ್ತೆ ಏರಬೇಕಾದರೆ ಒಂದು ಎಂಜಿನ್ ಒದ್ದಾಡುತ್ತದೆ, ಹಾಗಾಗಿ ಇಲ್ಲಿಂದ ಕೆಳಗೆ ಇಳಿಯುವುದೇ ಎಂಬ ಎತ್ತರವನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತೇವೆ. ಬಹಳ ಜನರ ಕೈತಪ್ಪಿಸುವುದು ರಡ್ಡರ್ ಟ್ರಿಮ್. ಒತ್ತು ಇದ್ದಾಗ ತಿರುಗಿಸಿಟ್ಟ ಟ್ರಿಮ್, ನೆಲದ ಬಳಿ ಥ್ರಾಟಲ್ ಹಿಂದೆ ಬಂದಾಗಲೂ ಹಾಗೆಯೇ ಉಳಿದಿರುತ್ತದೆ. ಬಲ ಎಂಜಿನ್ ನಿಂತಿದ್ದರೆ ಮೂತಿ ಎಡಕ್ಕೆ ತಿರುಗಿ ಚಕ್ರ ಅಡ್ಡವಾಗಿ ನೆಲ ಮುಟ್ಟುತ್ತದೆ. ಕೊನೆಯ ಹಂತದಲ್ಲಿ ಟ್ರಿಮ್ ನಡುವಿಗೆ ತಂದು, ಆ ಭಾರವನ್ನು ಕಾಲಿಗೆ ತೆಗೆದುಕೊಳ್ಳಬೇಕು. ಥ್ರಾಟಲ್ ಇಳಿದಂತೆ ಕಾಲನ್ನೂ ಅದೇ ಲಯದಲ್ಲಿ ಸಡಿಲಿಸಬೇಕು. ಯಾ ಡ್ಯಾಂಪರ್ (ಮೂತಿಯ ಓಲಾಟ ತಡೆಯಲು ರಡ್ಡರನ್ನು ತಾನಾಗಿ ಅಲುಗಿಸುವ ಸಾಧನ) ಆಫ್ ಮಾಡಬೇಕಾದ ಮಾದರಿಯಲ್ಲಿ ಅದನ್ನು ಮರೆತರೆ ಪೆಡಲ್ ಗಟ್ಟಿಯಾಗಿ ಅಡ್ಡ ಬರುತ್ತದೆ.

ನಿಂತ ಮೇಲೆ ಅಗ್ನಿಶಾಮಕದವರು ಎಂಜಿನ್ ನೋಡಿ ಹೇಳುವ ತನಕ ಟ್ಯಾಕ್ಸಿ ಬೇಡ, ಸತ್ತ ಎಂಜಿನ್ನನ್ನು ಹೊತ್ತಿಸಿ ನೋಡುವುದಂತೂ ಬೇಡ. ನೆನಪು ಹಸಿಯಿರುವಾಗಲೇ ಬರೆದಿಡಬೇಕಾದ್ದಿಷ್ಟು: ನಿಂತ ಹೊತ್ತು ಮತ್ತು ಎತ್ತರ, ಐಟಿಟಿ ಮುಟ್ಟಿದ ಗರಿಷ್ಠ, ಎಷ್ಟು ಸಲ ಹೊತ್ತಿಸಲು ನೋಡಿದೆವು, ಆಯಿಲ್ ಒತ್ತಡವಿಲ್ಲದೆ ಎಂಜಿನ್ ಎಷ್ಟು ನಿಮಿಷ ಗಾಳಿಗೆ ಸುತ್ತಿತು. ಕೊನೆಯದು ಮೆಕ್ಯಾನಿಕ್‌ಗೆ ಬಹಳ ಮುಖ್ಯ, ಬೇರಿಂಗ್ ಬಿಚ್ಚಿ ನೋಡಬೇಕೇ ಎಂಬುದು ಅದರ ಮೇಲಿದೆ. ಎರಡೂ ಟ್ಯಾಂಕಿನಿಂದ ಇಂಧನದ ಮಾದರಿ ತೆಗೆಸಿ, ಫಿಲ್ಟರ್ ಬಿಚ್ಚಿಸಿ ಎತ್ತಿಡಬೇಕು. ಇಂಧನದ ಮೇಲೆ ಸ್ವಲ್ಪ ಅನುಮಾನ ಬಂದರೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ, ಹೊರಟ ನಿಲ್ದಾಣಕ್ಕೆ ಮತ್ತು ಕಂಟ್ರೋಲ್‌ಗೆ ಆಗಲೇ ತಿಳಿಸಬೇಕು, ಏಕೆಂದರೆ ಅದೇ ಟ್ಯಾಂಕರ್‌ನಿಂದ ತುಂಬಿಸಿಕೊಂಡ ಇನ್ನೊಂದು ವಿಮಾನ ಆಗಲೇ ಹೊರಟಿರಬಹುದು.